ಚಂದ್ರನಿಗೆ ಹೋದ ಬೇವು-ಬೆಲ್ಲ

ಯುಗಾದಿ ಬೆಳಿಗ್ಗೆ ಮದ್ದೂರಿನಲ್ಲಿ ಕೂತು ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡೆ. ನನ್ನ ನಾಲಿಗೆಯ ರುಚಿ ಎಂದಿನಂತೆ ನೆಟ್‌ವರ್ಕ್ ಹಿಡಿದು ಚಂದ್ರನಲ್ಲಿರುವ ತಂಗಿಯ ಮನೆಗೆ ಹೊರಟಿತು. ಅಲ್ಲಿಗೆ ಎರಡು ಲಿಂಕುಗಳಿವೆ. ಒಂದು ತಂಗಿ ಚೆಲುವಿಯ ನಾಲಿಗೆಗೆ, ಇನ್ನೊಂದು ಅವಳ ಗಂಡ ಕೆಂಪರಾಜುವಿನ ನಾಲಿಗೆಗೆ.

"ಬರೀ ಬೇವೇ ಬಂತು ಕಣಕ್ಕ! ಮದ್ವೆ ಆದ್ಮೇಲೆ ಮೊದಲ್ನೇ ಯುಗಾದಿ, ವರ್ಷವೆಲ್ಲ ಕಹೀನೇ ತಿನ್ಬೇಕಾ?" ಚೆಲುವಿಗೆ ಅಳುವೇ ಬಂತು.

"ನಂಗೆ ಬರೀ ಬೆಲ್ಲ ಅಕ್ಕ, ಸಕತ್ತಾಗದೆ!" ಎಂದ ಕೆಂಪರಾಜು.

ಹಬ್ಬದ ಆತುರದಲ್ಲಿ, ರುಚಿ ಹಂಚುವ ವರ್ಚುವಲ್ ಸ್ವಿಚ್ಚಿನಲ್ಲಿ ಲಿಂಕುಗಳನ್ನು ಬಾಂಡ್ ಮಾಡಿ ಬೆಸೆಯುವುದನ್ನೇ ಮರೆತಿದ್ದೆ; ಕಹಿ ಒಂದರಲ್ಲಿ, ಸಿಹಿ ಇನ್ನೊಂದರಲ್ಲಿ ಹೋಗಿತ್ತು. ಎರಡನ್ನೂ ಕೂಡಿಸಿ ಒಂದೇ ಹಾದಿ ಮಾಡಿ, ಮತ್ತೊಂದು ಚಿಟಿಕೆ ಅಗಿದೆ.

ಚಂದ್ರನಿಂದ ಮೊದಲು ಬಂದದ್ದು ಕೆಂಪರಾಜುವಿನ "ಥೂ!" ಅದರ ಬೆನ್ನಿಗೇ ಚೆಲುವಿಯ ನಗು.

"ಅಕ್ಕಾ, ಇನ್ನೊಂದ್ಸಲ ತಿನ್ನು. ಬೇವು ಒಸಿ ಜಾಸ್ತಿ ಹಾಕ್ಕೊ!"