ಚಂಪಿ ಒತ್ತಿದ ಹತ್ತಿ

ಕೈಸನ್ನೆಯಲ್ಲಿ ಮಾತು ಕಲಿತ ಮೇಲೆ ಪ್ರಯೋಗಾಲಯದ ಕೋತಿಗಳು ಇಟ್ಟ ಷರತ್ತು ಒಂದೇ: ಔಷಧದ ಸೀರಮ್ಮಿಗೆಂದು ನಮ್ಮ ರಕ್ತ ತೆಗೆಯುವ ಮೊದಲು ನಮ್ಮೆದುರೇ ನಿಮ್ಮದನ್ನೂ ಅಷ್ಟೇ ತೆಗೆದುಕೊಳ್ಳಿ.

ಅಲ್ಲಿ ರಕ್ತ ತೆಗೆಯುವ ಕೆಲಸದ ಇಂದುಮತಿ ಆರು ವರ್ಷ ಹಾಗೆಯೇ ಮಾಡಿದ್ದಳು. ಆಮೇಲೆ ಬೇಸರ ಬಂತು. ಈಗ ಮೂರು ತಿಂಗಳಿಂದ ಮೊಣಕೈ ಮಡಿಕೆಗೆ ಚರ್ಮದ ಬಣ್ಣದ ಪಟ್ಟಿ ಅಂಟಿಸಿ, ಅದರಡಿ ಬೀಟ್‌ರೂಟ್ ನೀರಿನ ತೆಳು ಚೀಲ ಇಟ್ಟುಕೊಂಡು ಬರುತ್ತಿದ್ದಳು.

"ಬೇಗ ಮುಗ್ಸಿ ಮೇಡಂ, ರಕ್ತ ಒಯ್ಯೋ ವ್ಯಾನು ಕಾಯ್ತಾ ಇದೆ," ಎಂದ ಬಾಗಿಲಲ್ಲಿ ನಿಂತಿದ್ದ ಸಹಾಯಕ ಹನೀಫ್.

"ಆಯ್ತು ಕಣೋ, ಇನ್ನೆರಡೇ ನಿಮಿಷ."

ಎದುರಿನ ಕುರ್ಚಿಯಲ್ಲಿ ಮುದಿ ಕೋತಿ ಚಂಪಿ ಕೂತಿತ್ತು. ಇಂದುಮತಿ ಪಟ್ಟಿಗೆ ಸೂಜಿ ಚುಚ್ಚಿ, ನೋವಾದಂತೆ ಮುಖ ಹಿಂಡಿದಳು. ಸಿರಿಂಜಿನ ನಳಿಗೆ ಕೆಂಪಾಯಿತು. ಅದನ್ನು ನೋಡಿ ಚಂಪಿ ತನ್ನ ತೋಳು ಚಾಚಿತು. ಅದರ ರಕ್ತ ಬೆಚ್ಚಗಿತ್ತು.

ಮುಗಿದ ಮೇಲೆ ವಾಡಿಕೆಯಂತೆ ಒಬ್ಬರ ತೋಳಿಗೊಬ್ಬರು ಹತ್ತಿ ಒತ್ತಿಕೊಂಡರು. ಚಂಪಿ ಒತ್ತಿದ ರಭಸಕ್ಕೆ ಚೀಲ ಒಡೆದು ಬೀಟ್‌ರೂಟ್ ನೀರು ಧಾರೆಯಾಗಿ ಇಳಿಯಿತು.

ಇಂದುಮತಿ ಕೈ ಎಳೆದುಕೊಳ್ಳಲು ನೋಡಿದಳು. ಚಂಪಿ ಬಿಡಲಿಲ್ಲ. ಗಾಬರಿಯಿಂದ ತನ್ನ ತೋಳಿನ ಹತ್ತಿಯನ್ನೂ ಕಿತ್ತು ಅವಳದಕ್ಕೆ ಒತ್ತಿ, ಇನ್ನೊಂದು ಕೈಯಿಂದ ಸನ್ನೆ ಮಾಡಿತು:

'ನಿನ್ನದು ನಿಲ್ಲುತ್ತಲೇ ಇಲ್ಲ. ಮುಂದಿನ ಸಲ ನನ್ನದು ಮಾತ್ರ ತೆಗೆ.'

"ಏನಂತೆ ಮೇಡಂ?" ಎಂದು ಹನೀಫ್ ಕೇಳಿದ.

ಚಂಪಿಯ ತೋಳಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು.