ಗೂಬೆಯ ಹಿಂದಿನ ಗೋಡೆ

ಹನ್ನೊಂದು ವರ್ಷದ ಹಿಂದೆ, ಔರಾದ ಹತ್ತಿರದ ಹಾಳು ಬಾವಿಯ ಕಟ್ಟೆಯ ಮೇಲೆ ಕೂತು, ಹಕ್ಕಿಗಳ ಫೋಟೋ ತೆಗೆಯುವ ಕೈಲಾಶ, ಕುರಿ ಕಾಯುವ ಧೊಂಡಿಬಾನಿಗೆ ಒಂದು ಮಾತು ಕೊಟ್ಟಿದ್ದ. ಈ ಬಾವಿಯ ಗೂಬೆಗಳ ಠಿಕಾಣಿ ತನ್ನಿಂದ ಯಾರಿಗೂ ಗೊತ್ತಾಗುವುದಿಲ್ಲ.

ಈಗ ದೀಪಾವಳಿ ಅಮಾವಾಸ್ಯೆಗೆ ಇನ್ನು ಹತ್ತು ದಿನ. ಮಾಟ ಮಾಡಿಸುವವರು ಗೂಬೆ ಹುಡುಕುವ ಕಾಲ. ಧೊಂಡಿಬಾ ಬಸ್ಸು ಹಿಡಿದು ಬೀದರಿಗೆ, ಚಿದ್ರಿಯ ಕೈಲಾಶನ ಮನೆಗೆ ಬಂದ. ಚಹಾ ಬೇಡವೆಂದ. ಮೊಬೈಲಿನಲ್ಲಿ ಕೈಲಾಶ ಎಲ್ಲರಿಗೂ ಹಂಚಿದ್ದ ಗೂಬೆಯ ಫೋಟೋ ತೆರೆದು ಮುಂದೆ ಹಿಡಿದ.

“ಇದು ನನ್ನ ಬಾವಿ ಗೂಬಿ. ಎಡ ರೆಕ್ಕಿ ಗರಿ ಮುರದದ. ಊರೆಲ್ಲ ನೋಡ್ಲತದ. ಮಾತ್ ಕೊಟ್ಟಿದ್ದಿಲ್ಲೇನು ನೀ?”

“ಕಾಕಾ, ಗೂಬಿ ನೋಡಬ್ಯಾಡ. ಅದರ ಹಿಂದ ನೋಡು.”

ಧೊಂಡಿಬಾ ಕಣ್ಣು ಕಿರಿದು ಮಾಡಿದ. “ಇಂಥ ಕಲ್ಲು ನಮ್ಮಲ್ಲಿ ಎಲ್ಲಿ ಅವ?”

“ಭಾಲ್ಕಿ ಹೊರಗಿನ ಹಾಳು ಬುರುಜು. ಗೂಬಿ ನಿಂದು, ಗ್ವಾಡಿ ಅಲ್ಲೀದು.”

ಕೈಲಾಶನಿಗೆ ಬೀದರ ಪಕ್ಕದ ಕೊಳಾರದ ಕಾರ್ಖಾನೆಯಲ್ಲಿ ಕೆಲಸ, ರಜೆ ಭಾನುವಾರವೊಂದೇ. ಅಂಥದೊಂದು ಭಾನುವಾರ ನಡು ಮಧ್ಯಾಹ್ನ ಆ ಬುರುಜಿಗೆ ಹೋಗಿ, ಕೆಳಗಿನಿಂದ ಒಂದೇ ಫೋಟೋ ತೆಗೆದು, ಹತ್ತು ನಿಮಿಷದಲ್ಲಿ ವಾಪಸಾಗಿದ್ದ. ಮನೆಯ ಕಂಪ್ಯೂಟರಿನಲ್ಲಿ ಬಾವಿಯಲ್ಲಿ ತೆಗೆದ ಫೋಟೋದಿಂದ ಗೂಬೆಯನ್ನು ಕತ್ತರಿಸಿ ಬುರುಜಿನ ಕಲ್ಲಿನ ಮೇಲೆ ಕೂರಿಸಿದ. ಕಣ್ಣಿಗೆ ಹೊಳಪು ಕೊಟ್ಟ. ಹಿಂದಿನ ಸಂದಿಯಲ್ಲಿ ಏನೋ ಬಿಳಿ ಮಸುಕು ಅಡ್ಡ ಬರುತ್ತಿತ್ತು. ಅದಕ್ಕೆ ಕಪ್ಪು ಬಳಿದ. ಗೂಬೆ ಎದ್ದು ಕಂಡಿತು.

ಧೊಂಡಿಬಾನ ಮುಖ ಸಡಿಲಾಯಿತು. “ನನ್ನ ಗೂಬಿಗಿ ಊರೇ ಬದಲಿ ಮಾಡಿದಿ. ಭಾಲ್ಕಿದಾಗ ರೇಷನ್ ಕಾರ್ಡೂ ಮಾಡಿಸ್ತಿ ಏನು?”

“ಯಾರರ ಕೇಳಿದ್ರ ಭಾಲ್ಕಿ ಅಂತೇನಿ. ಹೋಗಿ ಹುಡುಕಲಿ. ಕಲ್ಲು ಸಿಗ್ತಾವ.”

ಧೊಂಡಿಬಾ ಚಹಾ ಕುಡಿದು ಹೋದ.

ನಾಲ್ಕು ದಿನಕ್ಕೆ ಫೋನು ಬಂತು. ಗುರುತಿಲ್ಲದ ದನಿ. “ಫೋಟೋ ಭಾಳ ಚಂದದ್ರಿ. ಯಾವ ಕಡಿ ತೆಗದೀರಿ?” ಕೈಲಾಶ ಬುರುಜಿನ ಹೆಸರು ಹೇಳಿದ, ದಾರಿ ಹೇಳಿದ, ಎಲ್ಲಿ ತಿರುಗಬೇಕೆಂದೂ ಹೇಳಿದ.

ಹೆಂಡತಿ ಮಹಾಮಾಯಾ ರೊಟ್ಟಿ ತಟ್ಟುತ್ತಲೇ ಕೇಳಿದಳು. “ಯಾರಿಗೂ ಹೇಳದವರು, ಇವತ್ತ ದಾರಿ ಸುದ್ದಾ ಹೇಳಿದ್ರಲ್ಲ?”

“ಸುಳ್ಳು ಹೇಳೂದಾದ್ರ ಪೂರಾ ಹೇಳಬೇಕು.”

ಅಮಾವಾಸ್ಯೆಯ ಮರುದಿನ ಕಾರ್ಖಾನೆಯಲ್ಲಿದ್ದಾಗ ಅರಣ್ಯ ಇಲಾಖೆಯ ಗಾರ್ಡ್ ಕುತುಬೋದ್ದೀನನ ಫೋನು.

“ಇಬ್ಬರು ಸಿಕ್ಕಾರ್ರಿ. ಚೀಲದಾಗ ಐದು ಗೂಬಿ. ಎರಡು ದೊಡ್ಡವು, ಮೂರು ಬಿಳಿ ಮರಿ. ಒಂದಕ್ಕೂ ಜೀವ ಇಲ್ಲ. ಅವರ ಮೊಬೈಲದಾಗ ನಿಮ್ಮ ಫೋಟೋ ಅದ.”

ಕೈಲಾಶ ಕೆಲಸ ಬಿಟ್ಟು ಹೊರಗೆ ಬಂದ.

“ದೊಡ್ಡವುಗಳ ಎಡ ರೆಕ್ಕಿ ನೋಡ್ರಿ. ಗರಿ ಮುರದದೇನು?”

ಆ ಕಡೆ ಚೀಲ ಬಿಚ್ಚಿದ ಸದ್ದು. “ಇಲ್ರಿ. ಎರಡರದೂ ಸರಿ ಅವ.”

ಬಾವಿಯವಲ್ಲ. ಕೈಲಾಶ ಉಸಿರು ಬಿಟ್ಟ. “ಮತ್ತ ಇವು ಎಲ್ಲೀವ್ರಿ?”

“ಎಲ್ಲೀವು ಅಂದ್ರ? ನಿಮ್ಮ ಫೋಟೋದಾಗಿನ ಬುರುಜಿನವೇ. ಗೂಬಿ ಕುಂತದಲ್ಲ, ಅದರ ಹಿಂದಿನ ಸಂದಿದಾಗ ಗೂಡು ಇತ್ತು. ಅಲ್ಲಿ ಗೂಬಿ ಅವ ಅಂತ ನಮಗೂ ಗೊತ್ತಿದ್ದಿಲ್ರಿ. ನಿಮಗ ಹ್ಯಾಂಗ ಗೊತ್ತಾತು?”

ಔರಾದದ ಬಾವಿಗೆ ಆ ವರ್ಷ ಯಾರೂ ಹೋಗಲಿಲ್ಲ. ಧೊಂಡಿಬಾನಿಗೆ ಕೊಟ್ಟ ಮಾತು ಉಳಿಯಿತು.