ಕುರಿ ತಂಗಿದ ಹೊಲ

ಉಮಾದೇವಿ ಕುರಿಯ ಹಿಕ್ಕೆಯೊಂದನ್ನು ಎತ್ತಿಕೊಂಡು ಉಗುರಿನಿಂದ ಸೀಳಿದಳು. ಒಳಗೆ ಬಳ್ಳಾರಿ ಜಾಲಿಯ ಬೀಜವೊಂದು ಹೊಳಪು ಕೂಡ ಕೆಡದೆ ಕುಳಿತಿತ್ತು. ಅದನ್ನು ಅಂಗೈಯಲ್ಲಿಟ್ಟು ಕುರಿಗಾರ ಗದ್ದೆಪ್ಪನ ಮುಂದೆ ಹಿಡಿದಳು.

"ನೋಡ್ರಿ ಅಣ್ಣಾ, ನೀವು ಕೊಟ್ಟ ಗೊಬ್ಬರ."

ಗದ್ದೆಪ್ಪ ನೋಡಿದ, ಮುಟ್ಟಲಿಲ್ಲ. ಅವನ ಹಿಂದೆ ಮಲ್ಲಟದ ದಾರಿಯಲ್ಲಿ ಹಿಂಡು ಬಿಸಿಲಿಗೆ ತಲೆ ತಗ್ಗಿಸಿ, ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ಮುಖವಿಟ್ಟು ನಿಂತಿತ್ತು.

ಬೆಳೆ ಕೊಯ್ದಾದ ಮೇಲೆ ಅವನ ಹಿಂಡು ಅವಳ ಹೊಲದಲ್ಲಿ ತಂಗುವುದು ಇಬ್ಬರ ಅಪ್ಪಂದಿರ ಕಾಲದ ರೂಢಿ. ಹೊಲಕ್ಕೆ ಗೊಬ್ಬರ, ಕುರಿಯವನಿಗೆ ಜೋಳ ಮತ್ತು ಊಟ. ಹೋದ ವರ್ಷವೂ ತಂಗಿತ್ತು. ಮಳೆ ಬಿದ್ದದ್ದೇ ತಡ, ಬಲೆ ಕಟ್ಟಿ ಕುರಿ ಕೂಡಿಹಾಕಿದ್ದಷ್ಟೇ ಜಾಗದಲ್ಲಿ, ಗೆರೆ ಕೊರೆದಂತೆ, ಜಾಲಿ ಎದ್ದಿತು. ಕಿತ್ತರೆ ಬುಡ ಉಳಿಯಿತು. ಒಂದಿದ್ದಲ್ಲಿ ನಾಲ್ಕು ಚಿಗುರಿದವು. ಹತ್ತಿ ಬಿಡಿಸಲು ಬಂದ ಹೆಂಗಸರು ಮುಳ್ಳಿಗೆ ಹೆದರಿ ಆ ಕಡೆ ಕಾಲಿಡಲಿಲ್ಲ.

ಕಲ್ಮಲದಿಂದ ಇಲ್ಲಿಯವರೆಗೆ ಹುಲ್ಲಿದ್ದ ಬಯಲೆಲ್ಲ ಈಗ ಜಾಲಿಯೇ ಎಂದು ಗದ್ದೆಪ್ಪ ಹೇಳಿದ. ಅವನ ಅಪ್ಪ ಕೆರೆಯಂಗಳದಲ್ಲಿ ಮೊದಲ ಗಿಡ ಕಂಡಾಗ, ಬೇಸಿಗೆಗೆ ಕಾಯಿ ಸಿಕ್ಕಿತೆಂದು ಸಂತೋಷಪಟ್ಟಿದ್ದನಂತೆ. ಕುರಿಗಳು ಕಾಯಿ ತಿಂದವು, ಮುಂದೆ ನಡೆದವು. ಈಗ ತಿನ್ನಲು ಬೇರೇನೂ ಉಳಿದಿಲ್ಲ.

"ಜಾಲಿನ ನಾವ ಬೆಳಸೀವಿ, ತಂಗೆವ್ವಾ. ಈಗ ಅದು ನಮ್ಮನ್ನ ಸಾಕಾಕತ್ತದ."

"ಈ ಸಲ ನನ್ನ ಹೊಲಕ್ಕ ಬ್ಯಾಡ್ರಿ."

ಅವನು ಬೇಡಿಕೊಳ್ಳಲಿಲ್ಲ. ಈ ಮಾತು ಹಬ್ಬಿದರೆ ದೇವದುರ್ಗದವರೆಗೂ ತನ್ನ ಹಿಂಡಿಗೆ ಯಾರೂ ಹೊಲ ಕೊಡುವುದಿಲ್ಲ ಎಂದಷ್ಟೇ ಹೇಳಿದ.

ಅಷ್ಟರಲ್ಲಿ ಪಕ್ಕದ ಹೊಲದ ಹಾಲೇಶ ಬದುವಿನವರೆಗೆ ಬಂದ. ಉಮಾದೇವಿಯ ಹೊಲಕ್ಕೆ ಜಾಲಿ ತಂದದ್ದು ಕಾಲುವೆ ನೀರು ಎಂದು ಊರೆಲ್ಲ ನಂಬಿದಂತೆ ಅವನೂ ನಂಬಿದ್ದ. ಅವನ ಹೊಲದಲ್ಲಿ ಒಂದು ಜಾಲಿಯೂ ಇರಲಿಲ್ಲ.

"ಯಾಕಕ್ಕಾ, ಈ ಸಲ ಕುರಿ ಬ್ಯಾಡೇನು? ಹಂಗಾದ್ರ ನಮ್ಮ ಹೊಲದಾಗ ಕೂಡಿಸ್ಲಿ. ಪ್ರತಿ ವರ್ಷಾ ನಿಮಗ ಅಂದ್ರ ನಾವೇನು ಪಾಪ ಮಾಡೀವಿ?"

ಗದ್ದೆಪ್ಪ ಉಮಾದೇವಿಯ ಮುಖ ನೋಡಿದ. ಅವಳು ಹಿಂಡನ್ನು ನೋಡುತ್ತಿದ್ದಳು. ಹಾಲೇಶ ನಗುತ್ತ ಕಾಯುತ್ತಿದ್ದ.

"ಕೂಡಿಸ್ಕೋ ತಮ್ಮಾ," ಎಂದಳು ಉಮಾದೇವಿ. "ಗೊಬ್ಬರ ಚಲೋ ಅದ."

ಹಿಂಡು ಬದು ದಾಟತೊಡಗಿತು. ಕೊನೆಯಲ್ಲಿದ್ದ ಮರಿಯೊಂದು ಹತ್ತಲಾಗದೆ ಅರಚಿತು. ಹಾಲೇಶ ಬಗ್ಗಿ, ಅದನ್ನು ಎದೆಗವಚಿ ಎತ್ತಿಕೊಂಡು, ಮೆಲ್ಲಗೆ ತನ್ನ ಹೊಲಕ್ಕೆ ಇಳಿಸಿದ.